ದೊರೆ, ಡಾಕ್ಟ್ರು ಮತ್ತು ಹಾಸನದವನು

ಸಕಲೇಶಪುರ, ಮೂಡಿಗೆರೆ ಕಡೆ ಊರಿಗೊಬ್ಬ ಜೀಪಣ್ಣ ಇದ್ದೇ ಇರುತ್ತಾನೆ. ಎರಡೆಕರೆ ಕಾಫಿ, ಸೊಸೈಟಿಯಲ್ಲಿ ಒಂದಿಷ್ಟು ಸಾಲ, ಅಂಗಳದಲ್ಲಿ ಹಳೇ ಮಹೀಂದ್ರ ಜೀಪು. ಜೀಪು ಸದಾಕಾಲ ಮಾರಾಟಕ್ಕಿರುತ್ತದೆ. ಆದರೆ ಕೊಳ್ಳಲು ಬಂದವರು ಮೊದಲು ಅದರ ಚರಿತ್ರೆ ಕೇಳಬೇಕು, ರೇಟಿನ ಮಾತು ಆಮೇಲೆ. ಮೊದಲನೇ ಲೋಟ ಕಾಫಿ ಮುಗಿಯುವ ಮುಂಚೆಯೇ "ಎಷ್ಟಕ್ಕೆ ಕೊಡ್ತೀರಿ?" ಅಂದವರನ್ನು ಜೀಪಣ್ಣ "ಕಾರು ತಗೊಳ್ಳೋ ಜನ" ಎಂದು ಮನಸ್ಸಿನಲ್ಲೇ ಸಾಗಹಾಕುತ್ತಾನೆ.

ಕಥೆ ಬಾನೆಟ್ಟಿನಿಂದ ಶುರು. "ನೋಡಿ ಸಾರ್, ಮೂತಿ ಎಷ್ಟು ಎತ್ತರ! ಇದು ತ್ರೀ ಬಿ. ಹರಿಕೇನ್ ಪೆಟ್ರೋಲ್ ಎಂಜಿನ್ ಕೂರ್ಲಿ ಅಂತಾನೇ ಕಂಪನಿಯೋರು ಎತ್ತರಿಸಿದ್ದು." ಇದು ನಿಜ. ಅಮೆರಿಕದ ವಿಲ್ಲೀಸ್ ಕಂಪನಿ 1953ರಲ್ಲಿ ತಂದ ಸಿಜೆ-3ಬಿ ಜೀಪಿಗೆ ಆ ಎತ್ತರದ ಮೂತಿ ಬಂದದ್ದು ಹರಿಕೇನ್ ಎಂಜಿನ್ನಿನ ದೆಸೆಯಿಂದಲೇ. ಮಹೀಂದ್ರದವರು ಅದೇ ಅಚ್ಚನ್ನು ಇಲ್ಲಿ ದಶಕಗಟ್ಟಲೆ ಎರಕ ಹೊಯ್ದರು. ಜೀಪಣ್ಣನ ಕಥೆಯಲ್ಲಿ ರುಜುವಾತು ಸಿಗುವ ಭಾಗ ಇಷ್ಟೇ.

ಮೊದಲ ಮಾಲೀಕರು ಎಸ್ಟೇಟಿನ ದೊರೆಗಳು. ಶನಿವಾರ ಸಂಜೆ ಕ್ಲಬ್ಬಿಗೆ ಬಿಟ್ಟರೆ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಆಮೇಲೆ ಒಬ್ಬರು ಡಾಕ್ಟ್ರು. ಆಮೇಲೆ ರಿಟೈರಾದ ಮಿಲಿಟರಿ ಆಫೀಸರು, ಪ್ರತಿದಿನ ತಾವೇ ತೊಳೆಯುತ್ತಿದ್ದರು. ಮಲೆನಾಡಿನಲ್ಲಿ ಮಾರಾಟಕ್ಕೆ ನಿಂತ ಯಾವ ಜೀಪೂ ಇಂದಿನವರೆಗೆ ಗೊಬ್ಬರ ಹೊತ್ತದ್ದಿಲ್ಲ, ಮರಳು ಹೊತ್ತದ್ದಿಲ್ಲ, ಹದಿನೆಂಟು ಆಳುಗಳನ್ನು ತುಂಬಿಕೊಂಡು ತೋಟಕ್ಕೆ ಹೋದದ್ದಿಲ್ಲ. "ಮತ್ತೆ ಹಿಂದಿನ ಪ್ಲೇಟುಗಳು ಹೀಗೇಕೆ ಕೂತಿವೆ?" ಅಂದರೆ, "ಡಾಕ್ಟ್ರಿಗೆ ಪುಸ್ತಕದ ಹುಚ್ಚು ಸಾರ್" ಎಂದು ಉತ್ತರ ಬರುತ್ತದೆ.

ಹಾಗೆಂದು ವಂಶದಲ್ಲಿ ಕೆಟ್ಟವರೇ ಇಲ್ಲವೆಂದಲ್ಲ. ಒಬ್ಬನಿದ್ದಾನೆ, ಹಾಸನದವನು. ಛಾಸಿಗೆ ವೆಲ್ಡಿಂಗ್ ಹಾಕಿಸಿದವನು ಅವನು, ಫೋರ್ ವೀಲ್ ಲಿವರ್ ಸಡಿಲ ಮಾಡಿದವನು ಅವನು, ಮೀಟರ್ ನಿಲ್ಲಿಸಿದವನೂ ಅವನೇ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಜೀಪು ಅವನ ಕೈಯಲ್ಲಿ ಇದ್ದದ್ದು ಮೂರೇ ತಿಂಗಳಂತೆ. ಅಷ್ಟರಲ್ಲಿ ಅಷ್ಟೆಲ್ಲ ಕೆಡಿಸಬೇಕಾದರೆ ಹಗಲೂ ರಾತ್ರಿ ದುಡಿದಿರಬೇಕು ಪಾಪ.

ನಂತರ ಎಂಜಿನ್ ಪರ್ವ. ಹರಿಕೇನ್ ಕುಡಿಯುವ ಪೆಟ್ರೋಲು ಕಂಡು ಡಾಕ್ಟ್ರು ಬೆಚ್ಚಿ, ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿದರಂತೆ. ಈಗ ಒಳಗಿರುವುದು ಮೂರನೆಯದು, ಕ್ವಾಲಿಸ್‌ನದು. ಜೀಪಣ್ಣ ದನಿ ತಗ್ಗಿಸುವುದು ಇಲ್ಲಿ. "ಟೊಯೋಟಾ ಸಾರ್. ಎರಡು ಸಾವಿರದ ನಾನೂರ ನಲವತ್ತಾರು ಸಿಸಿ. ಎಪ್ಪತ್ತೈದು ಕುದುರೆ." ಕ್ವಾಲಿಸ್ ಬಿಡದಿಯ ಕಾರ್ಖಾನೆಯಲ್ಲಿ 2000ದಿಂದ 2005ರವರೆಗೆ ತಯಾರಾದ ಗಾಡಿ. ಅದರ ಬಹುಪಾಲು ಆಯುಸ್ಸು ಬೆಂಗಳೂರಿನ ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ರಾತ್ರಿಯಿಡೀ ಮನೆಯಿಂದ ಎತ್ತಿ ಆಫೀಸಿಗೆ ಸುರಿಯುವುದರಲ್ಲೇ ಕಳೆಯಿತು. ಹಾಗಾಗಿ ಡಿಸೆಂಬರ್ ಬೆಳಿಗ್ಗೆ ಜೀಪು ಸ್ಟಾರ್ಟ್ ಆಗದಿದ್ದರೆ ಜೀಪಣ್ಣ ಹೀಟರ್ ಪ್ಲಗ್ಗನ್ನು ದೂರುವುದಿಲ್ಲ. "ಅದಕ್ಕೆ ನೈಟ್ ಶಿಫ್ಟ್ ಅಭ್ಯಾಸ, ಹತ್ತು ಗಂಟೆ ಮೇಲೆ ಏಳುತ್ತೆ" ಎನ್ನುತ್ತಾನೆ.

ಎದ್ದ ಮೇಲೆ ಮಾತ್ರ ಅದು ಗುಡ್ಡವನ್ನು ಹಲ್ಲಿಯಂತೆ ಏರುತ್ತದೆ, ಒಪ್ಪಬೇಕು. ರಸ್ತೆಯಲ್ಲಿ ಬೇರೆ ಮಾತು. ಎಂಜಿನ್ ಬದಲಾದರೂ ಆಕ್ಸಲ್ ಹಳೆಯದೇ. ಚಕ್ರ ಒಂದು ಸುತ್ತು ಸುತ್ತಲು ಶಾಫ್ಟು ಐದು ಚಿಲ್ಲರೆ ಸುತ್ತು ಸುತ್ತಬೇಕು. ಎಪ್ಪತ್ತು ದಾಟಿದರೆ ಇಡೀ ಗಾಡಿ ದೇವರು ಬಂದವರ ಥರ ನಡುಗುತ್ತದೆ. ಬ್ರೇಕೂ ಹಳೇ ಡ್ರಮ್ಮೇ. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ಜೀಪಣ್ಣನ ಹೆಂಡತಿ ಮಂಜುನಾಥನ ಹೆಸರು ಹೇಳುವುದು ಭಕ್ತಿಗಷ್ಟೇ ಅಲ್ಲ.

ಕಾಗದಪತ್ರ ಕೇಳಿದರೆ ಪ್ಲಾಸ್ಟಿಕ್ ಕವರ್ ಬರುತ್ತದೆ. ಅದರೊಳಗೆ ದೊರೆಗಳು ಸಹಿ ಮಾಡಿಟ್ಟ ಖಾಲಿ ಫಾರಂ 29 ಮತ್ತು 30. ಅವು ಕೈಯಿಂದ ಕೈಗೆ ದಾಟುತ್ತಾ ಬಂದಿವೆ, ಯಾರೂ ತುಂಬಿಲ್ಲ. ಆರ್‌ಸಿ ಇನ್ನೂ ದೊರೆಗಳ ಹೆಸರಿನಲ್ಲೇ, ಇಂಧನ ಪೆಟ್ರೋಲ್ ಎಂದೇ ಇದೆ. ಕಾನೂನಿನ ಕಣ್ಣಿಗೆ, ಎಂದೋ ತೀರಿಕೊಂಡ ದೊರೆಗಳು ಈಗಲೂ ಶನಿವಾರ ಸಂಜೆ ಕ್ಲಬ್ಬಿಗೆ ಹೋಗುತ್ತಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸಬಾರದು ಎನ್ನುತ್ತದೆ ಅಂದರೆ ಜೀಪಣ್ಣನಿಗೆ ನಿಜಕ್ಕೂ ಬೇಜಾರು. "ಕಂಪನಿಯೋರು ಕೊಟ್ಟ ಬಾನೆಟ್ ಹಂಗೇ ಇದೆಯಲ್ಲ ಸಾರ್!"

ಕೊನೆಗೂ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಕಥೆಯನ್ನು ಪೂರ್ತಿ ಕೇಳಿ, ಕೇಳಿದಷ್ಟು ಕೊಟ್ಟು ಜೀಪು ಒಯ್ದ. ವರ್ಷ ಕಳೆಯುವುದರೊಳಗೆ ಅವನೂ ಮಾರಲು ನಿಂತ. ನೋಡಲು ಹೋಗಿದ್ದ ನಮ್ಮೂರ ಹುಡುಗ ಬಂದು ವರದಿ ಒಪ್ಪಿಸಿದ: ಹಿಂದಿನ ಮಾಲೀಕರು ಸಕಲೇಶಪುರದ ಭಾರಿ ಪ್ಲಾಂಟರಂತೆ, ನೂರಿಪ್ಪತ್ತು ಎಕರೆಯಂತೆ, ಜೀಪನ್ನು ಎಸ್ಟೇಟ್ ಗೇಟು ದಾಟಿಸಿದವರೇ ಅಲ್ಲವಂತೆ. ಜೀಪಣ್ಣ ಅಂಗಿ ಕಾಲರ್ ಸರಿಮಾಡಿಕೊಂಡು, ಬ್ರೇಕಿನ ವಿಷಯ ಏನಂದ ಎಂದು ಕೇಳಿದ.

"ಅದನ್ನ ಕೆಡಿಸಿದ್ದು ಯಾರೋ ಹಾಸನದವನಂತೆ ಕಣಣ್ಣ."