3,111 ಮೀಟರ್ ಗತ್ತು

"ಈ ಸೋನಾ ಮಸೂರಿ ಎಷ್ಟು ಮೀಟರ್ ಎತ್ತರದಲ್ಲಿ ಬೆಳೆದದ್ದು ಶೆಟ್ರೇ?" ಅಂತ ದಿನಸಿ ಅಂಗಡಿಯಲ್ಲಿ ಯಾರಾದರೂ ಕೇಳಿದ್ದುಂಟೇ? ಕೇಳಿ ನೋಡಿ. ಶೆಟ್ರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಹಳೇ ಬಾಕಿ ನೆನಪಿಸುತ್ತಾರೆ. ದುಬಾರಿ ಕೆಂಪು ವೈನಿಗೆ ಮಾತ್ರ ಈ ಪ್ರಶ್ನೆ ಕೇಳದಿದ್ದರೇ ಅವಮಾನ. ದ್ರಾಕ್ಷಿಯ ಜಾತಿ, ಇಸವಿ, ಅವುಗಳ ಪಕ್ಕದಲ್ಲೇ ಎತ್ತರ, ಥೇಟ್ ವಧೂವರರ ಜಾಹೀರಾತಿನ ಹಾಗೆ. ಸಂಬಳ ಎಷ್ಟು ಅನ್ನುವುದನ್ನು ಬಾಟಲಿಯ ಬೆಲೆಯೇ ಹೇಳಿಬಿಡುತ್ತದೆ.

ಈ ಎತ್ತರದ ಪೈಪೋಟಿಯಲ್ಲಿ ಅರ್ಜೆಂಟೀನಾದವರನ್ನು ಮಾತಾಡಿ ಗೆಲ್ಲುವುದು ಕಷ್ಟ. ಆ ದೇಶದ ಉತ್ತರದಲ್ಲಿ, ಸಾಲ್ಟಾ ಪ್ರಾಂತ್ಯದ ಕಾಲ್ಚಾಕಿ ಕಣಿವೆಯಲ್ಲಿ, ಕೊಲೊಮೆ ಅಂತ ಒಂದು ವೈನರಿ ಇದೆ. 1831ರಷ್ಟು ಹಳೆಯದು. ಅದರ ತೋಟಗಳಲ್ಲಿ ಒಂದಕ್ಕೆ ಆಲ್ತುರಾ ಮಾಕ್ಸಿಮಾ ಅಂತ ಹೆಸರು. ಇರುವುದು 3,111 ಮೀಟರ್ ಮೇಲೆ. ಕರ್ನಾಟಕದ ಬೆಟ್ಟಗಳಿಗೆಲ್ಲ ಹಿರಿಯಣ್ಣನಾದ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಆಸುಪಾಸು. ಅದರ ನೆತ್ತಿಯ ಮೇಲೆ ಇನ್ನೂ ಒಂದು ಸಾವಿರ ಮೀಟರ್ ಗುಡ್ಡ ಪೇರಿಸಿ ಬಳ್ಳಿ ನೆಟ್ಟರೂ ಕೊಲೊಮೆಯವರು ಮೇಲಿನಿಂದಲೇ ನಮಸ್ಕಾರ ಹೇಳುತ್ತಾರೆ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿದುಬಿಡುತ್ತದೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವ ಭರವಸೆ ಇಲ್ಲ. ಉಸಿರಾಟಕ್ಕೆ ಒಗ್ಗಲಿ ಅಂತ ಆ ಕಡೆಯವರು ಕೋಕಾ ಎಲೆಯನ್ನು ದವಡೆಗೆ ಒತ್ತಿಕೊಂಡು ಓಡಾಡುತ್ತಾರೆ. ತಾಂಬೂಲಪ್ರಿಯರಿಗೆ ಊರು ಹಿಡಿಸಬಹುದು.

2001ರಲ್ಲಿ ಈ ವೈನರಿಯನ್ನು ಕೊಂಡವರು ಡೊನಾಲ್ಡ್ ಹೆಸ್ ಎಂಬ ಸ್ವಿಟ್ಜರ್ಲೆಂಡಿನ ಸಾಹುಕಾರರು. ಅವರು ತಮ್ಮ ದೇಶದಲ್ಲಿ ಮಿನರಲ್ ವಾಟರ್ ಮಾರಿ ದುಡ್ಡು ಕಂಡವರು. ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಆಗಲೇ ವೈನರಿ ಇತ್ತು, ಹಾಯಾಗಿ ಇರಬಹುದಿತ್ತು. ಕೊಲೊಮೆಗೆ ಬಂದು ತೋಟ ಮಾಡಿದ್ದು ಸಾಲದೆಂದು, 2009ರಲ್ಲಿ, ಮಣ್ಣುರಸ್ತೆಯಲ್ಲಿ ಸೊಂಟ ಸಡಿಲವಾದ ಮೇಲೆ ಸಿಗುವ ಆ ಜಾಗದಲ್ಲಿ, ಅಮೆರಿಕದ ಕಲಾವಿದ ಜೇಮ್ಸ್ ಟರೆಲ್ ಅವರ ಬೆಳಕಿನ ಕೃತಿಗಳಿಗೆಂದೇ ಒಂದು ಮ್ಯೂಸಿಯಂ ಕಟ್ಟಿಸಿದರು. ನಮ್ಮ ಕಡೆ ದುಡ್ಡಿದ್ದವರು ಊರಾಚೆ ಕಲ್ಯಾಣ ಮಂಟಪ ಕಟ್ಟಿಸುತ್ತಾರೆ. ಬಾಡಿಗೆಯಾದರೂ ಬರುತ್ತದೆ ಪಾಪ. ಇಷ್ಟೆಲ್ಲ ಮಾಡಿಯೂ ಎತ್ತರದ ಕಿರೀಟ ಉಳಿಯಲಿಲ್ಲ ನೋಡಿ. ಟಿಬೆಟ್‌ನಲ್ಲಿ, ಲ್ಹಾಸಾ ಬಳಿಯ ತೋಟವೊಂದು 3,563 ಮೀಟರ್ ಅಂತ ಗಿನ್ನೆಸ್ ದಾಖಲೆಗೆ ಏರಿ ಕೂತಿತು.

ಹಾಗಾದರೆ ಎತ್ತರ ಅನ್ನುವುದು ಬರೀ ಬೊಗಳೆಯೇ? ಅಲ್ಲ, ಅದೇ ತಾಪತ್ರಯ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಪ್ರತಿ ಸಾವಿರ ಮೀಟರಿಗೆ ಅತಿನೇರಳೆ ಕಿರಣ ಹೆಚ್ಚುಕಡಿಮೆ ಶೇ. 10ರಷ್ಟು ಜಾಸ್ತಿಯಾಗುತ್ತದೆ. ದ್ರಾಕ್ಷಿಗೆ ಛತ್ರಿ ಹಿಡಿಯುವವರು ಯಾರು? ಕಾಯಿ ಸಣ್ಣದಾಗಿಯೇ ಉಳಿದು, ಸಿಪ್ಪೆ ದಪ್ಪ ಮಾಡಿಕೊಂಡು, ಅದರೊಳಗೆ ಬಣ್ಣ ತುಂಬಿಕೊಳ್ಳುತ್ತದೆ. ಕೆಂಪು ವೈನಿನ ಬಣ್ಣ, ಒಗರಿನ ಬಹುಪಾಲು ಬರಬೇಕಾದ್ದು ಈ ಸಿಪ್ಪೆಯಿಂದಲೇ. ಹಿಚುಕಿ ನೋಡಿದರೆ ಒಳಗಿನ ರಸ ಬಿಳಿಚಿಕೊಂಡಿರುತ್ತದೆ. ಹಗಲಿನ ಉರಿಬಿಸಿಲಿಗೆ ಸಕ್ಕರೆ ಕೂಡುತ್ತದೆ, ರಾತ್ರಿಯ ಕೊರೆಯುವ ಚಳಿಗೆ ಹುಳಿ ಕರಗದೆ ಉಳಿಯುತ್ತದೆ. ಅಲ್ಲಿನ ಮಾಲ್ಬೆಕ್ ದ್ರಾಕ್ಷಿಯ ವೈನು ಲೋಟದಲ್ಲಿ ಮಸಿಯಷ್ಟು ಕಪ್ಪಗಿದ್ದು, ಅಂಚಿನಲ್ಲಿ ಮಾತ್ರ ನೇರಳೆ ಮಿಂಚುವುದು ಇದರಿಂದ. ಮಾಲ್ಬೆಕ್ ಹುಟ್ಟಿದ್ದು ಫ್ರಾನ್ಸಿನಲ್ಲಿ, 1853ರ ಹೊತ್ತಿಗೆ ಅರ್ಜೆಂಟೀನಾ ಸೇರಿತು, ತವರಿಗಿಂತ ಅಲ್ಲೇ ಹೆಚ್ಚು ಹೆಸರು ಮಾಡಿತು. 1992ರಲ್ಲಿ ನಿಕೊಲಾಸ್ ಕತೇನಾ ಎಂಬುವರು ಅದೇ ದೇಶದ ಮೆಂಡೋಸಾದಲ್ಲಿ 1,450 ಮೀಟರ್ ಸುಮಾರಿಗೆ ಬಳ್ಳಿ ನೆಟ್ಟಾಗ, ಈ ಚಳಿಯಲ್ಲಿ ಅದು ಹಣ್ಣಾಗುವುದೇ ಇಲ್ಲ ಅಂತ ಅವರ ತೋಟದವರೇ ತಲೆ ಅಲ್ಲಾಡಿಸಿದ್ದರಂತೆ. ಈಗ ಆ ತೋಟದ ಬಾಟಲಿಯ ಬೆಲೆ ಕೇಳಿ ನಾವು ಅಲ್ಲಾಡಿಸುತ್ತೇವೆ.

ಆದರೆ ಗತ್ತಿಗೂ ಒಂದು ಮಿತಿ ಬೇಡವೇ? ಫ್ರಾನ್ಸಿನ ಬೋರ್ಡೋದ ಮೆಡಾಕ್‌ನಲ್ಲಿರುವ ಜಗತ್ಪ್ರಸಿದ್ಧ ತೋಟಗಳು 50 ಮೀಟರನ್ನೂ ದಾಟುವುದಿಲ್ಲ. ನಮ್ಮ ಬೆಂಗಳೂರು 920 ಮೀಟರ್. ಆ ಲೆಕ್ಕದಲ್ಲಿ ಬಸವನಗುಡಿಯ ತಾರಸಿ ಮೇಲೆ ಹಳೇ ಬಕೆಟ್‌ನಲ್ಲಿ ಬೆಳೆದ ಕರಿಬೇವೂ 'ಹೈ ಆಲ್ಟಿಟ್ಯೂಡ್ ಬುಟೀಕ್' ಕರಿಬೇವೇ. ನಂದಿ ಬೆಟ್ಟದ ಬುಡದ ವೈನ್ ದ್ರಾಕ್ಷಿಯವರಿಗಂತೂ ಎತ್ತರ ಜಂಬಕ್ಕಲ್ಲ, ಬದುಕಿಗೆ ಬೇಕು. ಸಮಭಾಜಕದಿಂದ ಹದಿಮೂರೇ ಡಿಗ್ರಿ ದೂರ, ರಾತ್ರಿಯ ಆ ತಂಪೂ ಇಲ್ಲದಿದ್ದರೆ ಹುಳಿಯೆಲ್ಲ ಆವಿಯಾದಂತೆಯೇ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯೂ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಒಂದೇ ಫಸಲು ತೆಗೆಯಬೇಕು. ಇಲ್ಲಿನ ಗ್ರೋವರ್ ವೈನರಿಗೆ ಸಲಹೆ ಕೊಡುತ್ತಿದ್ದ ಬೋರ್ಡೋದ ಮಿಶೆಲ್ ರೋಲಾಂ, ಅದೇ ಕಾಲ್ಚಾಕಿ ಕಣಿವೆಯ ಕಫಾಯಾತೆಯಲ್ಲೂ 2,000 ಮೀಟರ್ ಮೇಲೆ ಪಾಲುದಾರಿಕೆಯಲ್ಲಿ ವೈನ್ ಮಾಡಿಸಿದವರು. ದೊಡ್ಡಬಳ್ಳಾಪುರದ ಕಡೆಗೂ ಆ ಕಣಿವೆಯ ಆಂಡಿಸ್ ಪರ್ವತಕ್ಕೂ ಹೀಗೊಂದು ನೆಂಟಸ್ತಿಕೆ.

ಇನ್ನು ಕುಡಿಯುವವರ ವಿಷಯ. ನಮ್ಮ ಷಡ್ಡಕರು ಇಂಥದೊಂದು ಬಾಟಲಿಯನ್ನು ಏರ್‌ಪೋರ್ಟಿನ ಡ್ಯೂಟಿ ಫ್ರೀಯಲ್ಲಿ ಕೊಂಡು ತಂದಿದ್ದರು. ಅಲ್ಲೇ ಕೊಂಡದ್ದು ಜಾಣತನ, ವರ್ಷಗಟ್ಟಲೆ ಶೇ. 150ರಷ್ಟಿದ್ದ ನಮ್ಮ ಆಮದು ಸುಂಕ ಯಾವ ಆಂಡಿಸ್ ತೋಟಕ್ಕಿಂತಲೂ ಎತ್ತರದ್ದು. ಲೋಟ ತಿರುಗಿಸಿದರು, ಮೂಗನ್ನು ಪೂರ್ತಿ ಒಳಗಿಳಿಸಿದರು, ಕಣ್ಣು ಮುಚ್ಚಿ "ಹಳೇ ಚರ್ಮ, ಹೊಗೆಸೊಪ್ಪು, ಪೆನ್ಸಿಲ್ ಹೆರೆದ ಪುಡಿ" ಅಂದರು. ಅಷ್ಟಕ್ಕಾದರೆ ನಮ್ಮ ಸರ್ಕಾರಿ ಶಾಲೆಯ ಸ್ಟಾಫ್ ರೂಮಿಗೆ ಬಂದಿದ್ದರೆ ಸಾಕಿತ್ತು. ಅತ್ತೆಯವರು ದೂರದಿಂದಲೇ ಮೂಸಿ, "ಹುಳಿ ಬಂದಿದೆ ಅಳಿಯಂದ್ರೇ, ಚೆಲ್ಲಿಬಿಡಿ" ಅಂದರು.

ನಗಬೇಡಿ, ಪಂಡಿತರಿಗೂ ಇದೇ ಗತಿ ಆಗಿದೆ. ಬೋರ್ಡೋದಲ್ಲೇ, ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ 54 ಮಂದಿಗೆ ಕೊಟ್ಟರಂತೆ. 2001ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ವೈನ್ ವಿದ್ಯೆ ಓದುತ್ತಿದ್ದ ಆ ಮಂದಿ ಮೂಸಿ ನೋಡಿ ವರ್ಣಿಸಿದ್ದು ಹೆಚ್ಚಾಗಿ ಕೆಂಪು ವೈನಿನ ಮಾತುಗಳಲ್ಲಿ. ಕಣ್ಣು ಹೇಳಿದ್ದಕ್ಕೆ ಮೂಗು ಹೂಂಗುಟ್ಟಿತು ಅಷ್ಟೇ. ಬಣ್ಣಕ್ಕೇ ಮೂಗು ಹೀಗೆ ಬಾಗಿದರೆ 3,111 ಅನ್ನುವ ಅಂಕಿಗೆ ಸಾಷ್ಟಾಂಗ ಹಾಕದಿರುತ್ತದೆಯೇ? ಬಾಟಲಿಯ ಭಾರವೂ ಅದೇ ಕೆಲಸ ಮಾಡುತ್ತದೆ. ಒಳಗಿನ ವೈನು ಮುಕ್ಕಾಲು ಲೀಟರ್. ಕೆಲವು ಗತ್ತಿನ ಬಾಟಲಿಗಳು ಖಾಲಿಯಾಗಿದ್ದಾಗಲೇ ಅದಕ್ಕಿಂತ ಹೆಚ್ಚು ತೂಗುತ್ತವೆ.

ಅದಿರಲಿ, ಆ ಅರ್ಜೆಂಟೀನಾದ ಜನ ಮಧ್ಯಾಹ್ನದ ಊಟಕ್ಕೆ ಕೂತಾಗ ದಿನಬಳಕೆಯ ಕೆಂಪು ವೈನನ್ನು ಹೇಗೆ ಕುಡಿಯುತ್ತಾರೆ ಗೊತ್ತೇ? ಐಸ್ ಹಾಕಿಕೊಂಡು, ಮೇಲೆ ಬುಸ್ ಅಂತ ಸೋಡಾ ಬಿಟ್ಟುಕೊಂಡು.