ನೀಲಿ ಬಾವುಟದ ವೀರ

ಸಂಜೆ ಹೊತ್ತು ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ನಿಂತು ನೋಡಿ. ಎಲ್ಲರಿಗಿಂತ ನಿಧಾನವಾಗಿ, ಎರಡೂ ಕನ್ನಡಿ ನೋಡಿಕೊಂಡು, ತಿರುವಿಗೆ ಇನ್ನೂ ಅರ್ಧ ಫರ್ಲಾಂಗ್ ಇರುವಾಗಲೇ ಇಂಡಿಕೇಟರ್ ಹಾಕಿ, ಆಟೋದವರ ಕೈಲಿ ಬೈಸಿಕೊಳ್ಳುತ್ತಾ ಬೈಕಿನಲ್ಲಿ ಹೋಗುವ ಹುಡುಗ ಕಂಡರೆ ಅವನೇ ರೇಸರ್. ಊಟ ತಲುಪಿಸುವ ಹುಡುಗರು ಅವನನ್ನು ಎಡದಿಂದಲೂ ಬಲದಿಂದಲೂ ದಾಟುತ್ತಾರೆ. ಸ್ಕೂಟಿಯ ಕಾಲಡಿಯಲ್ಲಿ ತರಕಾರಿ ಚೀಲ ಇಟ್ಟುಕೊಂಡ ಆಂಟಿಯರೂ ದಾಟುತ್ತಾರೆ. ಅವನು ಬೇಸರ ಮಾಡಿಕೊಳ್ಳುವುದಿಲ್ಲ. “ಟ್ರ್ಯಾಕ್‌ನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ ಅಂಕಲ್. ಇಲ್ಲಿ ಹಾಗೆ ಏನೂ ಗ್ಯಾರಂಟಿ ಇಲ್ಲ” ಎನ್ನುತ್ತಾನೆ.

ಏರ್‌ಪೋರ್ಟ್ ರಸ್ತೆಯಲ್ಲಿ ಮುಂದಿನ ಚಕ್ರ ಎತ್ತಿ ವೀಲಿಂಗ್ ಮಾಡಿ ಪೊಲೀಸರ ಕೈಗೆ ಸಿಕ್ಕಿಬೀಳುವ ಹುಡುಗರ ಸಾಲಿಗೆ ಇವನನ್ನು ಸೇರಿಸಬೇಡಿ. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಇವನು ಮುಖ ಸಿಂಡರಿಸುವುದನ್ನು ನೋಡಬೇಕು. ಕಛೇರಿ ಮಾಡುವ ವಿದ್ವಾಂಸರ ಕಿವಿಗೆ ಗಣೇಶೋತ್ಸವದ ಆರ್ಕೆಸ್ಟ್ರಾ ಬಿದ್ದ ಹಾಗಿರುತ್ತದೆ.

ಇಂಥವನು ಈಗ ಬೆಂಗಳೂರಿನ ಬಡಾವಣೆಗೊಬ್ಬನಂತೆ ಇದ್ದಾನೆ. ವಯಸ್ಸು ಹತ್ತೊಂಬತ್ತೋ ಇಪ್ಪತ್ತೋ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೆಸರಿದೆ, ಹಾಜರಾತಿ ಇಲ್ಲ. ಕೋಣೆಯ ಗೋಡೆಯ ಮೇಲೆ ವ್ಯಾಲೆಂಟಿನೋ ರೊಸ್ಸಿಯ 46ನೇ ನಂಬರಿನ ಹಳದಿ ಪೋಸ್ಟರು. ಬಾಯಿ ತೆರೆದರೆ ಸಿ.ಎಸ್. ಸಂತೋಷ್ ಮತ್ತು ಐಶ್ವರ್ಯಾ ಪಿಸ್ಸೆ. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಬೈಕಿನಲ್ಲಿ ಮುಗಿಸಿದ ಮೊದಲ ಭಾರತೀಯ. ಐಶ್ವರ್ಯಾ 2019ರಲ್ಲಿ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. “ಇಬ್ಬರೂ ನಮ್ಮ ಬೆಂಗಳೂರಿನವರೇ ಅಪ್ಪಾ” ಎಂದು ಇವನು ಒತ್ತಿ ಹೇಳಿದರೆ, ಬ್ಯಾಂಕಿನಿಂದ ನಿವೃತ್ತರಾದ ಅಪ್ಪ ಪೇಪರಿನಿಂದ ಕಣ್ಣು ಕೀಳದೆ, “ವಿಶ್ವೇಶ್ವರಯ್ಯನವರೂ ಇಲ್ಲೇ ಇದ್ದರಪ್ಪ, ಅವರದೊಂದು ಪೋಸ್ಟರು ಹಾಕ್ಕೋಬಹುದಿತ್ತು” ಎನ್ನುತ್ತಾರೆ. ಹೀಗೆನ್ನುತ್ತಲೇ ದುಡ್ಡು ಕೊಡುತ್ತಾರೆ. ಈ ಆಟದಲ್ಲಿ ನಿಜವಾಗಿ ಸವೆಯುವುದು ಟೈರಲ್ಲ, ಅಪ್ಪನ ಫಿಕ್ಸೆಡ್ ಡಿಪಾಸಿಟ್ಟು.

ಬೆಂಗಳೂರಿನಲ್ಲಿ ರೇಸರುಗಳಿಗೆ ಬರವಿಲ್ಲ, ಅವರು ಓಡಿಸಲು ಒಂದು ದೊಡ್ಡ ಟ್ರ್ಯಾಕ್ ಮಾತ್ರ ಇಲ್ಲ. ರೇಸ್ ಕೋರ್ಸ್ ಇದೆ, ಅದು ಕುದುರೆಗಳಿಗೆ. ಆದ್ದರಿಂದ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ತಮಿಳುನಾಡಿಗೇ ಹೋಗಬೇಕು. ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯಂನಲ್ಲಿ ಕರಿವರ್ಧನ್ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅದು ಚಿಕ್ಕದು, ಎರಡು ಕಿಲೋಮೀಟರಿನ ಆಸುಪಾಸು. ದೊಡ್ಡದು ಚೆನ್ನೈ ಹೆದ್ದಾರಿಯ ಇರುಂಗಾಟ್ಟುಕೋಟ್ಟೈಯಲ್ಲಿ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮೊದಲು ಶೋಳವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ರೇಸು ನಡೆಸುತ್ತಿದ್ದರು, 1990ರಲ್ಲಿ ಇಲ್ಲಿಗೆ ಬಂದರು. ಸುತ್ತಿಗೆ ಸುಮಾರು 3.7 ಕಿಲೋಮೀಟರು, 12 ತಿರುವು, ನೆರಳು ಎಲ್ಲೂ ಇಲ್ಲ.

ಇರುಂಗಾಟ್ಟುಕೋಟ್ಟೈ ಎಂದು ಅಜ್ಜಿಗೆ ಹೇಳಿದರೆ ನಾಲಿಗೆ ಹೊರಳುವುದಿಲ್ಲವೆಂದು ಹುಡುಗ ಪಕ್ಕದ ಊರಿನ ಹೆಸರು ಹೇಳಿದ: ಶ್ರೀಪೆರುಂಬುದೂರು. ಅದು ರಾಮಾನುಜಾಚಾರ್ಯರು ಹುಟ್ಟಿದ ಊರು. ಇವರೋ ಮೇಲುಕೋಟೆ ಕಡೆಯ ಅಯ್ಯಂಗಾರರು. ಮೊಮ್ಮಗ ಶ್ರೀಪೆರುಂಬುದೂರಿಗೆ ಹೋಗಿಬರುತ್ತಾನೆ ಎಂಬಷ್ಟನ್ನೇ ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡರು. “ಈ ಕಾಲದ ಹುಡುಗರಿಗೆ ಇಷ್ಟು ಭಕ್ತಿ ಎಲ್ಲಿದೆ, ನೀವೇ ಹೇಳಿ” ಎಂದು ಎಂಟನೇ ಕ್ರಾಸಿನ ಹೂವಿನವಳವರೆಗೂ ಸುದ್ದಿ ಮುಟ್ಟಿಸಿದರು. ಅವನೂ ತಿದ್ದಲಿಲ್ಲ. ಅಲ್ಲಿನ ಆದಿಕೇಶವ ಪೆರುಮಾಳರ ತುಳಸಿ ಪ್ರಸಾದ ತಪ್ಪದೆ ತಂದುಕೊಡುತ್ತಾನೆ. ಪ್ರಾಕ್ಟೀಸು ಮುಗಿಯುವಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿದ್ದ ದಿನ ಮಲ್ಲೇಶ್ವರದ ವೇಣುಗೋಪಾಲಸ್ವಾಮಿ ಕೈ ಹಿಡಿದಿದ್ದೂ ಉಂಟು.

ಭಕ್ತಿಯನ್ನು ನಂಬಿದ ಅಜ್ಜಿ ಸೂಟನ್ನು ನಂಬಲಿಲ್ಲ. ರೇಸಿಂಗ್ ಸೂಟು ಎಂದರೆ ಕತ್ತಿನಿಂದ ಕಾಲಿನವರೆಗೆ ಒಂದೇ ತುಂಡು, ಬೆನ್ನ ಮೇಲೆ ಗಾಳಿ ಸೀಳಲು ಒಂದು ಗೂನು, ಮಂಡಿಯಲ್ಲಿ ಪ್ಲಾಸ್ಟಿಕ್ಕಿನ ಸ್ಲೈಡರು, ಉಳಿದದ್ದೆಲ್ಲ ಅಪ್ಪಟ ದನದ ಚರ್ಮ. ಇದನ್ನು ಬೆವರು ಒಣಗಲೆಂದು ಅವನು ತಾರಸಿಯಲ್ಲಿ, ಸರಿಯಾಗಿ ಅಜ್ಜಿಯ ಮಡಿ ಸೀರೆಯ ಪಕ್ಕದಲ್ಲೇ ನೇತುಹಾಕಿದ. ಅಜ್ಜಿ ಮಡಿಕೋಲಿನ ತುದಿಯಿಂದ ಅದನ್ನು ಒಮ್ಮೆ ತಿವಿದು ನೋಡಿದರು.

“ಇದು ಯಾವ ಬಟ್ಟೆಯೋ?”

“ರೆಕ್ಸಿನ್, ಅಜ್ಜಿ.”

“ನಿಮ್ಮ ತಾತನ ಅಂಬಾಸಿಡರ್ ಸೀಟೂ ರೆಕ್ಸಿನ್ನೇ. ಮೂವತ್ತು ವರ್ಷ ಕೂತಿದ್ದೇನೆ. ಈ ವಾಸನೆ ಬರ್ತಿರಲಿಲ್ಲವಲ್ಲ?”

ಅಂದಿನಿಂದ ಸೂಟಿಗೆ ನೀರಿನ ಟ್ಯಾಂಕಿನ ಹಿಂದೆ ವಾಸ. ಸೂಟು ಹೊಲಿಯುವುದೇ ಬೈಕಿನ ಮೇಲೆ ಬಗ್ಗಿ ಕೂರುವ ಭಂಗಿಗೆ. ಹಾಕಿಕೊಂಡು ನೆಟ್ಟಗೆ ನಿಲ್ಲಲು ಬರುವುದಿಲ್ಲ. ಹಾಗಾಗಿ ಅದನ್ನು ಧರಿಸಿ ಟ್ಯಾಂಕಿನ ಹಿಂದಿನಿಂದ ಬಗ್ಗಿ ಬಗ್ಗಿ ಬರುವ ಹುಡುಗನನ್ನು ಕಂಡು ಎದುರುಮನೆಯವರು, “ಪಾಪ, ಈ ವಯಸ್ಸಿಗೇ ಸೊಂಟ” ಎಂದರು. ಮಂಡಿಯ ಸ್ಲೈಡರು ಸವೆದಷ್ಟೂ ಬೈಕನ್ನು ಅಷ್ಟು ವಾಲಿಸಿದ್ದಾನೆಂದು ಗೌರವ. ಇವನ ಬಲಗಾಲಿನದು ಚೆನ್ನಾಗಿಯೇ ಸವೆದಿದೆ. ತಾರಸಿಯ ಸಿಮೆಂಟಿನ ಮೇಲೂ ಒಂದು ಬಿಳಿ ಗೆರೆ ಇದೆ. ಎರಡಕ್ಕೂ ಸಂಬಂಧ ಕಲ್ಪಿಸಲು ನಾನು ಹೋಗುವುದಿಲ್ಲ.

ಸೀಸನ್ನು ಶುರುವಾದರೆ ಊಟ ಬಂದ್. ನೊವಿಸ್ ವರ್ಗದ 165 ಸಿಸಿ ಬೈಕಿಗೆ ಹೆಚ್ಚಿನ ತ್ರಾಣ ಇರುವುದಿಲ್ಲ. ಸವಾರನ ಒಂದೊಂದು ಕಿಲೋ ತೂಕವೂ ನೇರದಾರಿಯಲ್ಲಿ ಗೊತ್ತಾಗುತ್ತದೆ. ಯುಗಾದಿಯ ದಿನ ಹೋಳಿಗೆಯ ಮೇಲೆ ತುಪ್ಪ ಹಾಕಲು ಬಂದ ಅಮ್ಮನಿಗೆ, “ಬೇಡಮ್ಮ, ಇದು ಅರ್ಧ ಸೆಕೆಂಡು” ಎಂದ. ಅವನಿಗೆ ಜಗತ್ತೆಲ್ಲ ಲ್ಯಾಪ್‌ಟೈಮೇ. ಅಮ್ಮ ಮಾತ್ರ ಪ್ರತಿ ಸಲವೂ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಡುತ್ತಾರೆ. ಅದನ್ನು ಪ್ಯಾಡಕ್ಕಿನಲ್ಲಿ ಚೆನ್ನೈನವರೂ ಕೊಲ್ಹಾಪುರದವರೂ ತಿಂದು, ತಿಂದ ಮೇಲೂ ಇವನಿಗಿಂತ ವೇಗವಾಗಿ ಓಡಿಸುತ್ತಾರೆ.

ಸೀಸನ್ನಿನ ಮೊದಲನೇ ಸುತ್ತಿಗೆ ಅಪ್ಪ ಅಮ್ಮ ಇಬ್ಬರೂ ಹೋಗಿದ್ದರು. ಕೆಂಪು ದೀಪ ಆರಿತು, ಎಲ್ಲರೂ ಹೋದರು, ಇವನ ಇಂಜಿನ್ನೂ ಆರಿತು. ತಳ್ಳಿ ಶುರು ಮಾಡಿಸುವಷ್ಟರಲ್ಲಿ ಗುಂಪು ಕಣ್ಮರೆ. ಹಿಡಿದೇಬಿಡುತ್ತೇನೆಂದು ಹೊರಟವನು ಒಂದು ತಿರುವಿನಲ್ಲಿ ಹುಲ್ಲಿಗೂ ಹೋಗಿ ಬಂದ. ಕೊನೆಯ ಲ್ಯಾಪಿನಲ್ಲಿ ಮಾರ್ಷಲ್ ಒಬ್ಬರು ಇವನ ಕಡೆಗೇ ನೀಲಿ ಬಾವುಟ ಬೀಸತೊಡಗಿದರು. ಅಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು. “ನೋಡೀಂದ್ರೆ, ಅಷ್ಟು ಹುಡುಗರಲ್ಲಿ ನಮ್ಮವನೊಬ್ಬನಿಗೇ ಬಾವುಟ ತೋರಿಸ್ತಿದಾರೆ!” ಹಿಂದಿನಿಂದ ವೇಗವಾಗಿ ಬರುತ್ತಿರುವವರಿಗೆ ದಾರಿ ಬಿಡು ಎಂಬುದು ಆ ಬಾವುಟದ ಅರ್ಥ. ಪಕ್ಕದಲ್ಲಿದ್ದವರು ಅದನ್ನು ತಿಳಿಸಲು ಬಾಯಿ ತೆರೆದರು, ಅಪ್ಪ ಕಣ್ಸನ್ನೆಯಲ್ಲೇ ಬೇಡವೆಂದರು.

ಸ್ಪಾನ್ಸರ್ ವಿಚಾರವೂ ಅಲ್ಲೇ ಎದ್ದಿತು. ದೂರದ ಸೋದರಮಾವನೊಬ್ಬರಿಗೆ ಬೇಕರಿ ಇದೆ. ಒಂದಿಷ್ಟು ದುಡ್ಡು, ಸೀಸನ್ ಪೂರ್ತಿ ಖಾರಾ ಬನ್ನು, ಬದಲಿಗೆ ಬೈಕಿನ ಬಾಲದ ಮೇಲೆ ಬೇಕರಿಯ ಹೆಸರು ಎಂದು ಒಪ್ಪಂದ. ಫಲಿತಾಂಶ ಕೇಳಿ ಮಾವ ಕೆರಳಿದರು. “ಬಾಲದಲ್ಲಿ ಹಾಕಿದ್ದು ಹಿಂದಿರೋರು ಓದಲಿ ಅಂತ. ನಿನ್ನ ಹಿಂದೆ ಯಾರಿದ್ರೋ?” ಹುಡುಗ ಒಂದು ಕ್ಷಣವೂ ತಡಮಾಡಲಿಲ್ಲ. “ಮಾವ, ಮೊದಲು ಬಂದವನ ಬಾಲ ಎರಡನೆಯವನು ಮಾತ್ರ ನೋಡ್ತಾನೆ. ನನ್ನ ಹಿಂದಿಂದ ಲೀಡರ್ ಸಮೇತ ಎಲ್ಲರೂ ಬಂದು, ಓದಿಕೊಂಡೇ ಮುಂದೆ ಹೋದರು.” ಮಾವ ಯೋಚಿಸಿ ಎರಡನೇ ಕಂತು ಕೊಟ್ಟರು.

ಇದೇ ಅವನ ಅಸಲಿ ಪ್ರತಿಭೆ. ಬೈಕ್ ಓಡಿಸುವುದರಲ್ಲಿ ಅವನು ನೊವಿಸ್ ಆದರೂ ಕಾರಣ ಹೇಳುವುದರಲ್ಲಿ ಎಂದೋ ನ್ಯಾಷನಲ್ ಚಾಂಪಿಯನ್. ಸೋತದ್ದು ತನ್ನಿಂದ ಎಂದು ಯಾವ ರೇಸರ್ ಬಾಯಲ್ಲೂ ನೀವು ಕೇಳಲಾರಿರಿ. ಗೇರಿಂಗ್ ಉದ್ದವಾಯಿತು, ಟೈರಿನ ಗಾಳಿ ಒಂದು ಪಿಎಸ್‌ಐ ಜಾಸ್ತಿಯಾಯಿತು, ಮುಂದಿನ ಟೈರಿನ ‘ಫೀಲ್’ ಬರಲಿಲ್ಲ, ನೇರದಾರಿಯಲ್ಲಿ ಎದುರು ಗಾಳಿ. ಆ ಎದುರು ಗಾಳಿ ಉಳಿದವರಿಗೆ ಬೀಸಲಿಲ್ಲವೇ ಎಂದು ಕೇಳಿದರೆ, “ಅವರು ಸ್ಲಿಪ್‌ಸ್ಟ್ರೀಮ್‌ನಲ್ಲಿದ್ರು ಅಂಕಲ್” ಎಂಬ ಉತ್ತರ ಸಿದ್ಧ. ಮುಂದಿರುವ ಬೈಕು ಗಾಳಿ ಸೀಳುತ್ತದೆ, ಅದರ ಬೆನ್ನಿಗೆ ಅಂಟಿಕೊಂಡವನಿಗೆ ಪುಕ್ಕಟೆ ವೇಗ ಸಿಗುತ್ತದೆ. ಮಾತು ನಿಜ. ಅಂಟಿಕೊಳ್ಳಲು ಮುಂದೆ ಯಾರಾದರೂ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು, ಅಷ್ಟೆ.

ಎರಡನೇ ಸುತ್ತಿನಲ್ಲಿ ಬಿದ್ದ. ಬೀಳುವುದರಲ್ಲಿ ಎರಡು ಬಗೆ. ಟೈರು ಜಾರಿ, ಬೈಕು ವಾಲಿದ ಕಡೆಗೇ ಮಲಗಿದರೆ ಲೋ-ಸೈಡ್. ಚರ್ಮ ಸೂಟಿನದು ಹೋಗುತ್ತದೆ, ನಮ್ಮದು ಉಳಿಯುತ್ತದೆ. ಹಿಂದಿನ ಟೈರು ಜಾರಿ, ಜಾರುತ್ತಲೇ ಫಕ್ಕನೆ ನೆಲ ಕಚ್ಚಿಕೊಂಡರೆ ಹೈ-ಸೈಡ್. ಬೈಕು ಸವಾರನನ್ನು ಎತ್ತಿ ಆಚೆಗೆ ಒಗೆಯುತ್ತದೆ. ಇವನದು ಎರಡನೇ ಬಗೆ. ಕಾಲರ್ ಬೋನ್ ಮುರಿಯಿತು. ರೇಸರುಗಳಲ್ಲಿ ಇದು ಮುರಿಯದವನಿಗೆ ಸ್ವಲ್ಪ ಮರ್ಯಾದೆ ಕಮ್ಮಿಯೇ.

ಆಸ್ಪತ್ರೆಯ ಹಾಸಿಗೆಯಿಂದಲೇ ಅವನು ಹೋರ್ಹೆ ಲೊರೆಂಜೊನ ಪುರಾಣ ಶುರುಮಾಡಿದ. 2013ರಲ್ಲಿ ಲೊರೆಂಜೊ ಅಸೆನ್‌ನಲ್ಲಿ ಗುರುವಾರ ಬಿದ್ದು ಕಾಲರ್ ಬೋನ್ ಮುರಿದುಕೊಂಡ, ವಿಮಾನ ಹತ್ತಿ ಬಾರ್ಸಿಲೋನಾಕ್ಕೆ ಹೋಗಿ ಪ್ಲೇಟ್ ಹಾಕಿಸಿಕೊಂಡ, ವಾಪಸು ಬಂದು ಶನಿವಾರದ ರೇಸಿನಲ್ಲಿ ಐದನೆಯವನಾದ. “ಅವರಮ್ಮ ಬೇರೆ ಊರಲ್ಲಿದ್ದಿರಬೇಕು” ಎಂದರು ಇವನಮ್ಮ. ಮನೆಗೆ ಬಂದ ಮೇಲೆ ಪುರಾಣ ಬದಲಾಯಿತು. ಈಗ ಮಾರ್ಕ್ ಮಾರ್ಕೆಸ್. 2020ರಲ್ಲಿ ಹೆರೆಸ್‌ನಲ್ಲಿ ತೋಳು ಮುರಿದುಕೊಂಡ ಮಾರ್ಕೆಸ್ ಅವಸರಪಟ್ಟು ವಾರದೊಳಗೆ ಬೈಕ್ ಹತ್ತಿದ. ಆಮೇಲೆ ಮನೆಯಲ್ಲಿ ಕಿಟಕಿ ತೆಗೆಯಲು ಹೋದಾಗ ತೋಳಿನೊಳಗಿನ ಪ್ಲೇಟೇ ಮುರಿಯಿತು. ಈ ಕಥೆ ಹೇಳಿದ ದಿನದಿಂದ ನಮ್ಮ ರೇಸರ್ ಮನೆಯ ಒಂದು ಕಿಟಕಿಯನ್ನೂ ಮುಟ್ಟಲಿಲ್ಲ. ಗ್ಯಾಸ್ ಸಿಲಿಂಡರ್ ಎತ್ತಲಿಲ್ಲ. ಅಂಗಡಿಯಿಂದ ಹಾಲು ತರಲಿಲ್ಲ. ಏನು ಹೇಳಿದರೂ “ಮಾರ್ಕೆಸ್‌ಗೆ ಏನಾಯ್ತು ಗೊತ್ತಲ್ಲ?” ಅಜ್ಜಿ ಆ ಮಾರ್ಕೆಸ್ ಯಾರೋ ಅವನ ಕ್ಲಾಸ್‌ಮೇಟ್ ಎಂದುಕೊಂಡು ಅವನ ಹೆಸರಲ್ಲೂ ಒಂದು ಅರ್ಚನೆ ಮಾಡಿಸಿದರು.

ಮೂರನೇ ಸುತ್ತಿಗೆ ಮಳೆ ಬಂತು. ರೇಸಿಗೆ ಹತ್ತು ನಿಮಿಷ ಇರುವಾಗ ಆಕಾಶ ಕಪ್ಪಾಗಿ ಟ್ರ್ಯಾಕ್ ಪೂರ್ತಿ ನೀರು. ಉಳಿದವರ ಮುಖ ಬಾಡಿತು, ಇವನದು ಅರಳಿತು. ಒದ್ದೆ ಟ್ರ್ಯಾಕಿನಲ್ಲಿ ಇಂಜಿನ್ನಿನ ಬಲಕ್ಕಿಂತ ಕೈಯ ಮೆದುತನ ಮುಖ್ಯ. ಬ್ರೇಕು ಮೆಲ್ಲಗೆ, ಆಕ್ಸಿಲರೇಟರ್ ಇನ್ನೂ ಮೆಲ್ಲಗೆ. ಎಲ್ಲಕ್ಕಿಂತ ಮುಖ್ಯವಾಗಿ, ತಿರುವಿನ ಅಂಚಿನ ಕರ್ಬಿಗೆ ಬಳಿದ ಪೇಂಟನ್ನು ತುಳಿಯಬಾರದು. ಮಳೆಯಲ್ಲಿ ಅದರ ಮೇಲೆ ಟೈರು ನಿಲ್ಲುವುದಿಲ್ಲ. ಇದನ್ನು ಕಲಿಸಲು ಬೆಂಗಳೂರಿಗಿಂತ ಒಳ್ಳೆಯ ಶಾಲೆ ಎಲ್ಲಿದೆ? ಜುಲೈ ತಿಂಗಳಲ್ಲಿ ಜೀಬ್ರಾ ಕ್ರಾಸಿಂಗ್ ಮೇಲೆ ಬ್ರೇಕ್ ಹಿಡಿದು ನೋಡಿದವನಿಗೆ ಬಿಳಿ ಬಣ್ಣದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎಂಟನೇ ಕ್ರಾಸಿನ ಕೊಳೆತ ಹೂವು, ಬಾಳೆಲೆ, ತಿಂಡಿ ಅಂಗಡಿಯ ಎಣ್ಣೆನೀರು ಇವನ್ನೆಲ್ಲ ದಾಟಿ ದಿನಾ ಕಾಲೇಜಿಗೆ ಹೋಗುವ (ಹೋದಂತೆ ಮಾಡುವ) ಹುಡುಗ ಅವನು. ಮುಂದಿದ್ದವರು ಒಬ್ಬೊಬ್ಬರಾಗಿ ಕರ್ಬು ಮುಟ್ಟಿ ಜಾರಿದರು. ಇವನು ಸಂಪಿಗೆ ರಸ್ತೆಯಲ್ಲಿ ಹೋಗುವಂತೆಯೇ ಹೋದ. ಇಂಡಿಕೇಟರ್ ಒಂದು ಹಾಕಲಿಲ್ಲ, ಏಕೆಂದರೆ ರೇಸಿನ ಬೈಕಿಗೆ ದೀಪ ಕಳಚಿರುತ್ತಾರೆ. ಮೂರನೇ ಸ್ಥಾನ!

ಪೋಡಿಯಂ ಮೇಲೆ ನಿಂತ ಅವನ ಕೈಗೆ ಮೈಕು ಕೊಟ್ಟಾಗ ಫಜೀತಿಯಾಯಿತು. ಸೋಲಿನ ಭಾಷಣ ಎಷ್ಟು ಬೇಕಾದರೂ ತಯಾರಿತ್ತು, ಗೆಲುವಿನದು ಒಂದೂ ಇರಲಿಲ್ಲ. ಗೇರಿಂಗ್, ಗಾಳಿ, ಟೈರು ಎಲ್ಲ ನೆನಪಾಯಿತು, ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ, “ಥ್ಯಾಂಕ್ಸ್ ಟು… ಮಳೆ” ಎಂದು ಇಳಿದುಬಂದ. ನನ್ನ ಪ್ರಕಾರ ಇಡೀ ಸೀಸನ್ನಿನಲ್ಲಿ ಅವನಾಡಿದ ಅತ್ಯಂತ ಪ್ರಾಮಾಣಿಕ ಮಾತು ಅದು.

ಕೊನೆಯ ಸುತ್ತಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಬಿಸಿಲಿತ್ತು. ಮಾವ ಮಳೆಯ ಸಾಧನೆ ಮೆಚ್ಚಿ ಬೇಕರಿಯ ಸಿಬ್ಬಂದಿಯನ್ನೆಲ್ಲ ವ್ಯಾನಿನಲ್ಲಿ ಕರೆತಂದಿದ್ದರು. ರೇಸಿಗೆ ಮುಂಚಿನ ವಾರ್ಮ್-ಅಪ್ ಸುತ್ತಿನಲ್ಲೇ ಚೈನು ಬಿಚ್ಚಿ ಬಿತ್ತು. ಚೈನಿನ ಜೋಡಣೆಗೆ ಒಂದು ಸಣ್ಣ ಕ್ಲಿಪ್ಪಿರುತ್ತದೆ. ಅದರ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರಬೇಕು. ಉಲ್ಟಾ ಹಾಕಿದರೆ ಒಂದಲ್ಲ ಒಂದು ಹೊತ್ತು ಕಳಚಿಕೊಳ್ಳುತ್ತದೆ. ಹಾಕಿದ್ದು ಯಾರು ಎಂಬ ಬಗ್ಗೆ ರೇಸರಿಗೂ ಅವನ ಮೆಕ್ಯಾನಿಕ್ ಗೆಳೆಯನಿಗೂ ಇನ್ನೂ ಮಾತು ಬಿಟ್ಟಿದೆ. ಮೂರನೇ ಸ್ಥಾನದ ಅಂಕ ಬಿಟ್ಟರೆ ವರ್ಷದ ಲೆಕ್ಕಕ್ಕೆ ಬೇರೇನೂ ಸೇರಲಿಲ್ಲ. ಬೇಕರಿಯವರು ಸ್ಟ್ಯಾಂಡಿನಲ್ಲಿ ಕೂತು ಪುಳಿಯೋಗರೆ ತಿಂದು ವಾಪಸಾದರು.

ಈಗ ಡಿಸೆಂಬರ್. ರೇಸರ್ ಹೋಳಿಗೆ ತಿನ್ನುತ್ತಿದ್ದಾನೆ, ಒಂದೂವರೆ ಸೆಕೆಂಡು ದಪ್ಪಗಾಗಿದ್ದಾನೆ. ಮಾವ ಈ ಸಲ ಖಾರಾ ಬನ್ನು ಮಾತ್ರ, ದುಡ್ಡಿಲ್ಲ ಎಂದಿದ್ದಾರೆ. ಆದ್ದರಿಂದ ಬೈಕಿನ ಬಾಲದ ಮೇಲೆ ಸುಮಾರು ಒಂದು ಗೇಣು ಜಾಗ ಖಾಲಿ ಇದೆ. ಓದುಗರಲ್ಲಿ ಯಾರಿಗಾದರೂ ಹೋಟೆಲೋ ಟ್ಯೂಷನ್ ಕ್ಲಾಸೋ ಇದ್ದರೆ ದಯವಿಟ್ಟು ವಿಚಾರಿಸಿ. ಎಲ್ಲರೂ ಓದಿಕೊಂಡೇ ಮುಂದೆ ಹೋಗುತ್ತಾರೆ, ಅದಕ್ಕೆ ನಾನು ಗ್ಯಾರಂಟಿ.