ಹಳೇ ಡ್ಯಾಟ್ಸನ್ನಿನ ಯಜಮಾನ

ಮನೆಯ ಗ್ಯಾರೇಜಿನಲ್ಲಿ ಹಳೆಯ ಜಪಾನಿ ಸ್ಪೋರ್ಟ್ಸ್ ಕೂಪೆಯೊಂದನ್ನು ಬಿಚ್ಚಿ ಹರಡಿಕೊಂಡು ಕೂತಿರುವ ಮನುಷ್ಯ ಅಮೆರಿಕದ ಉಪನಗರಗಳಲ್ಲೆಲ್ಲ ಕಾಣಸಿಗುವ ಗೃಹಸ್ಥ. ವಯಸ್ಸು ಸಾಮಾನ್ಯವಾಗಿ ಮೂವತ್ತೈದರಿಂದ ಅರವತ್ತೈದು. ಉದ್ಯೋಗ ಯಾವುದು ಬೇಕಾದರೂ ಆಗಿರಬಹುದು, ಮೆಕ್ಯಾನಿಕ್‌ನದೊಂದನ್ನು ಬಿಟ್ಟು. ಓಡುವ ಕಾರುಗಳೆರಡು ಬೀದಿಯಲ್ಲಿ ಬಿಸಿಲು ಮಳೆಗೆ ನಿಂತಿರುತ್ತವೆ. ಓಡದ ಒಂದು ಮಾತ್ರ ಒಳಗೆ ಹೊದಿಕೆ ಹೊದ್ದು ಮಲಗಿರುತ್ತದೆ. ಇವನನ್ನು ಗುರುತಿಸಲು ಇಷ್ಟೇ ಸಾಕು. ಇನ್ನೂ ಅನುಮಾನವಿದ್ದರೆ ಕೈ ನೋಡಬೇಕು: ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗಿರುವುದಿಲ್ಲ, ಬೆರಳ ಗೆಣ್ಣುಗಳಲ್ಲಿ ಒಂದಾದರೂ ಹಸಿಗಾಯ ಇದ್ದೇ ಇರುತ್ತದೆ.

ಸಾಕಿದ ಕಾರಿಗೆ ತಕ್ಕಂತೆ ಈ ಕುಲದಲ್ಲಿ ಒಳಪಂಗಡಗಳುಂಟು. ಮಾಜ್ದಾ ಆರ್‌ಎಕ್ಸ್-7 ಇಟ್ಟವನು ಪಿಸ್ಟನ್ನೇ ಇಲ್ಲದ ರೋಟರಿ ಇಂಜಿನ್ನಿನ ಮಹಿಮೆಯನ್ನು ಗಂಟೆಗಟ್ಟಲೆ ಹೇಳುತ್ತಾನೆ, ಅದು ಕುಡಿಯುವ ಆಯಿಲ್‌ನ ಲೆಕ್ಕ ಮಾತ್ರ ಹೇಳುವುದಿಲ್ಲ. ಸ್ಕೈಲೈನ್ ಜಿಟಿ-ಆರ್‌ಗೆ ಮನಸೋತವನು ತಾಳ್ಮೆಯವನು. ಹೊರದೇಶದ ಕಾರಿಗೆ 25 ವರ್ಷ ತುಂಬಿದ ಮೇಲಷ್ಟೇ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಕೊಡುವ ಅಮೆರಿಕದ ಕಾನೂನಿಗೆ ತಲೆಬಾಗಿ, 1989ರ ಕಾರಿಗಾಗಿ 2014ರವರೆಗೆ ಕಾದವನು. ಇವರೆಲ್ಲರಿಗೂ ಹಿರಿಯ ಶಾಖೆ ಡ್ಯಾಟ್ಸನ್ 240ಜೆಡ್ ಯಜಮಾನರದು. ಕುಲದ ಗುಣದೋಷಗಳೆಲ್ಲ ಇಲ್ಲಿ ಪಕ್ವವಾಗಿ ಕಾಣುವುದರಿಂದ ಅದನ್ನೇ ಇಲ್ಲಿ ವಿವರಿಸಲಾಗಿದೆ.

ಈ ಕಾರು ಜಪಾನಿನಲ್ಲಿ 1969ರ ಅಕ್ಟೋಬರಿನಲ್ಲಿ ನಿಸ್ಸಾನ್ ಫೇರ್‌ಲೇಡಿ ಜೆಡ್ ಎಂಬ ಹೆಸರಿನಲ್ಲಿ ಹೊರಬಂತು. ಅಮೆರಿಕದಲ್ಲಿ ಕಂಪನಿಯ ಹೊಣೆ ಹೊತ್ತಿದ್ದ ಯುತಾಕಾ ಕಾತಾಯಾಮಾ ಆ ಹೆಸರು ಇಲ್ಲಿ ನಡೆಯದೆಂದು ಫೇರ್‌ಲೇಡಿ ಬಿಲ್ಲೆ ಕೀಳಿಸಿ 240ಜೆಡ್ ಎಂಬ ಬಿಲ್ಲೆ ಹಾಕಿಸಿದರೆಂಬುದು ಪಂಗಡದ ಸ್ಥಳಪುರಾಣ. ಆರು ಸಿಲಿಂಡರಿನ 2.4 ಲೀಟರ್ ಇಂಜಿನ್, 151 ಅಶ್ವಶಕ್ತಿ, ಬೆಲೆ 3,526 ಡಾಲರ್. ಜಾಗ್ವಾರ್, ಪೋರ್ಷೆಗಳನ್ನು ಷೋರೂಮಿನ ಗಾಜಿನಾಚೆಯಿಂದಲೇ ನೋಡಿ ಮನೆಗೆ ಹೋಗುತ್ತಿದ್ದ ಗುಮಾಸ್ತರಿಗೂ ಮೇಷ್ಟ್ರುಗಳಿಗೂ ಉದ್ದ ಮೂತಿಯ ಕಾರೊಂದು ಕೈಗೆಟುಕಿತು. ಬಳಿಕ 260ಜೆಡ್, 280ಜೆಡ್ ಎಂಬ ತಮ್ಮಂದಿರೂ ಹುಟ್ಟಿ 1978ರ ಹೊತ್ತಿಗೆ ಒಟ್ಟು ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಬಹುಪಾಲನ್ನು ತುಕ್ಕು ತಿಂದಿತು. ತುಕ್ಕು ತಿಂದು ಬಿಟ್ಟದ್ದು ಯಜಮಾನನ ಪಾಲಿಗೆ ಬಂತು.

ಖರೀದಿಯ ಹಂತದಲ್ಲಿ ಯಜಮಾನ ಜಾಹೀರಾತಿನ ಭಾಷೆಗೆ ಭಾಷ್ಯ ಬರೆಯಬಲ್ಲ ಪಂಡಿತನಾಗಿರುತ್ತಾನೆ. ‘ನಿಲ್ಲಿಸಿದಾಗ ಓಡುತ್ತಿತ್ತು’ ಎಂದರೆ ನಿಲ್ಲಿಸಿ ಇಪ್ಪತ್ತು ವರ್ಷವಾಗಿದೆ. ‘ಮೇಲ್ಮೈ ತುಕ್ಕು ಮಾತ್ರ’ ಎಂದರೆ ಮೇಲ್ಮೈ ಮಾತ್ರ ಉಳಿದಿದೆ. ‘ಡ್ಯಾಶ್‌ಬೋರ್ಡ್‌ಗೆ ಹೊದಿಕೆ ಹಾಕಿದೆ’ ಎಂದರೆ ಅಡಿಯಲ್ಲಿ ಬಿಸಿಲಿಗೆ ಬಿರಿದ ಸೀಳುಗಳಿವೆ. ಇಷ್ಟೆಲ್ಲ ಬಲ್ಲವನು ಫ್ರಿಜ್ಜಿನ ಬಾಗಿಲಿನಿಂದ ಕಿತ್ತ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಂಡು ಹೊರಡುತ್ತಾನೆ. ಅದು ಅಂಟಿದ ಕಡೆ ತಗಡಿದೆ, ಜಾರಿದ ಕಡೆ ಪುಟ್ಟಿಯಿದೆ ಎಂಬುದು ಶಾಸ್ತ್ರ. ಬಾಗಿಲಿನ ಹಿಂಬದಿಯಲ್ಲಿ ಇಟ್ಟರೆ ಅಯಸ್ಕಾಂತ ಉದುರುತ್ತದೆ. ಚಕ್ರದ ಕಮಾನಿನ ಮೇಲಿಟ್ಟರೆ ಉದುರುತ್ತದೆ. ಬಗ್ಗಿ ಬಗ್ಗಿ ಹೆಕ್ಕಿ ಸೊಂಟ ಹಿಡಿದುಕೊಂಡ ಮೇಲೆ ಯಜಮಾನ ಹಣ ಎಣಿಸಿ ಕೊಡುತ್ತಾನೆ. ಪರೀಕ್ಷೆ ಮಾಡಿಯೇ ತಂದೆ ಎಂದು ಮನೆಯಲ್ಲಿ ಹೇಳುವಾಗ ಅದರಲ್ಲಿ ಸುಳ್ಳೇನೂ ಇರುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಲೆಕ್ಕಾಚಾರವಿದೆ. ಅಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ಹೊಗೆ ತಪಾಸಣೆಯಿಲ್ಲ, 1976ರದಕ್ಕೆ ಇದೆ. ಆ ಎರಡು ವರ್ಷಗಳ 280ಜೆಡ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ದಾರಿಹೋಕರಿಗೆ ವ್ಯತ್ಯಾಸ ತಿಳಿಯದು. ಆದರೆ ಒಂದರ ಬಾನೆಟ್ಟಿನ ಕೆಳಗೆ ಏನು ತುರುಕಿದರೂ ತಪಾಸಣೆಯವನು ಕೇಳುವುದಿಲ್ಲ, ಇನ್ನೊಂದರ ಕೆಳಗಿನ ಪ್ರತಿ ಕೊಳವೆಗೂ ಲೆಕ್ಕ ಕೊಡಬೇಕು. ಹೆಂಡತಿಯ ಹುಟ್ಟಿದ ದಿನ ಮರೆಯುವ ಯಜಮಾನ ಈ ಇಸವಿಗಳನ್ನು ನಿದ್ದೆಗಣ್ಣಲ್ಲೂ ತಪ್ಪುವುದಿಲ್ಲ.

ಕಾರು ಮನೆಗೆ ಬಂದ ಮೇಲೆ ಮೊದಲ ವಾರ ತೊಳೆಯುವ ಕೆಲಸ, ಎರಡನೆಯ ವಾರ ಒಳಗಿನ ಕಾರ್ಪೆಟ್ ಎತ್ತುವ ಕೆಲಸ. ಕಾರ್ಪೆಟ್ ಎತ್ತಿದರೆ ಗ್ಯಾರೇಜಿನ ನೆಲ ಕಾಣುತ್ತದೆ. ಆ ಕಾಲದ ತಗಡು ತೆಳು, ತುಕ್ಕಿನಿಂದ ಕೊಟ್ಟ ರಕ್ಷಣೆ ಅದಕ್ಕಿಂತ ತೆಳು. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಎರಚಿದ ಉಪ್ಪು ಕೆಳಗಿನಿಂದ, ಬ್ಯಾಟರಿಯಿಂದ ತೊಟ್ಟಿಕ್ಕಿದ ಆ್ಯಸಿಡ್ ಮೇಲಿನಿಂದ ಅದನ್ನು ಹಂಚಿಕೊಂಡು ತಿಂದಿರುತ್ತವೆ. ಹೊರಗೆ ಟಿಂಕರಿಂಗಿಗೆ ಕೊಟ್ಟರೆ ದುಬಾರಿಯೆಂದು ಯಜಮಾನ ತಾನೇ ವೆಲ್ಡಿಂಗ್ ಕಲಿಯಲು ನಿರ್ಧರಿಸುತ್ತಾನೆ. ವೆಲ್ಡಿಂಗ್ ಯಂತ್ರ, ಗ್ಯಾಸ್ ಸಿಲಿಂಡರ್, ಮುಖವಾಡ, ಚರ್ಮದ ಕೈಗವಸು ಎಲ್ಲ ಕೂಡಿದಾಗ ಟಿಂಕರಿಂಗಿನ ಖರ್ಚನ್ನು ದಾಟಿರುತ್ತದೆ. ಆದರೆ ಅದು ಖರ್ಚಲ್ಲ, ಉಪಕರಣದ ಮೇಲಿನ ಹೂಡಿಕೆ. ತೆಳು ತಗಡಿಗೆ ಶಾಖ ಹೆಚ್ಚಾದರೆ ಕರಗಿ ತೂತಾಗುತ್ತದೆ. ಆ ತೂತು ಮುಚ್ಚಹೋದರೆ ಇನ್ನೂ ದೊಡ್ಡದಾಗುತ್ತದೆ. ಬೆರಳು ತೂರುವ ತೂತಿನಿಂದ ಶುರುವಾದ ವಿದ್ಯಾಭ್ಯಾಸ ತಲೆ ತೂರುವಷ್ಟಾದಾಗ ಒಂದು ಹದಕ್ಕೆ ಬರುತ್ತದೆ.

ಬಿಚ್ಚುವುದು ಮುಂದಿನ ಹಂತ. ಜಪಾನಿ ಸ್ಕ್ರೂಗಳ ತಲೆಯ ಮೇಲಿನ ಗೀಟು ನೋಡಲು ಅಮೆರಿಕದ ಫಿಲಿಪ್ಸ್ ಸ್ಕ್ರೂವಿನದರ ಹಾಗೇ ಇದ್ದರೂ ಅದರ ಅಳತೆ ಜೆಐಎಸ್ ಎಂಬ ಜಪಾನಿ ಮಾನಕದ್ದು. ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುಗಿಸಿದರೆ ಜಾರಿ ತಲೆ ಸವೆದುಹೋಗುತ್ತದೆ. ಈ ಸಂಗತಿ ತಿಳಿಯುವ ಹೊತ್ತಿಗೆ ಮುಖ್ಯವಾದ ಸ್ಕ್ರೂಗಳೆಲ್ಲ ಸವೆದಿರುತ್ತವೆ. ಆಗ ಯಜಮಾನ ಜಪಾನಿನಿಂದಲೇ ಸ್ಕ್ರೂಡ್ರೈವರ್ ಸೆಟ್ ತರಿಸಿ ಬಂದವರಿಗೆಲ್ಲ ಅದರ ತುದಿಯನ್ನು ಬೆಳಕಿಗೆ ಹಿಡಿದು ತೋರಿಸುತ್ತಾನೆ.

ಪಂಗಡದ ನಿಜವಾದ ಅಗ್ನಿಪರೀಕ್ಷೆ ಹಿಂಚಕ್ರದ ಕೆಳತೋಳಿನಲ್ಲಿರುವ ಸ್ಪಿಂಡಲ್ ಪಿನ್. ನಡುವೆ ಒಂದು ಬೆಣೆ ಬೋಲ್ಟಿನಿಂದ ಬಿಗಿದ ಈ ಉದ್ದನೆಯ ಸರಳು ಐವತ್ತು ವರ್ಷದ ತುಕ್ಕಿನಲ್ಲಿ ತನ್ನ ಕೊಳವೆಯೊಂದಿಗೆ ಒಂದೇ ಲೋಹವಾಗಿಬಿಟ್ಟಿರುತ್ತದೆ. ಮೊದಲ ದಿನ ಯಜಮಾನ ಎಣ್ಣೆ ಬಿಟ್ಟು ಕಾಯುತ್ತಾನೆ. ಎರಡನೆಯ ದಿನ ಸುತ್ತಿಗೆ. ಪೆಟ್ಟಿಗೆ ಪಿನ್ನಿನ ತುದಿ ಅಣಬೆಯಂತೆ ಅರಳಿ, ಮೊದಲು ಹೊರಬರದಿದ್ದದ್ದು ಈಗ ಹೊರಬರಲಾರದ್ದಾಗುತ್ತದೆ. ಮೂರನೆಯ ದಿನ ಗ್ಯಾಸ್ ಟಾರ್ಚು. ಪಿನ್ನು ಕದಲದೆ ಅದರ ಸುತ್ತಲಿನ ರಬ್ಬರ್ ಬುಷ್ ಹೊತ್ತಿಕೊಂಡು, ಹೊಗೆ ಅಡುಗೆಮನೆಗೆ ನುಗ್ಗುತ್ತದೆ. ನಾಲ್ಕನೆಯ ದಿನ ಗರಗಸ. ಇನ್ನೊಂದು ಬದಿಯಲ್ಲೂ ಇಂಥದೇ ಪಿನ್ನೊಂದಿದೆ ಎಂಬುದು ಐದನೆಯ ದಿನ ನೆನಪಾಗುತ್ತದೆ.

ಬಿಚ್ಚಿದ್ದನ್ನೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ ಚೀಟಿ ಅಂಟಿಸುವುದು ಪದ್ಧತಿ. ಮೊದಲ ಚೀಟಿಗಳಲ್ಲಿ ‘ಎಡಬಾಗಿಲು, ಮೇಲಿನ ಕೀಲು, ಒಳಗಿನ ಬೋಲ್ಟ್ 3’ ಎಂಬಷ್ಟು ನಿಖರತೆಯಿರುತ್ತದೆ. ನಡುವಿನವುಗಳಲ್ಲಿ ‘ಮುಂದಿನ ಭಾಗ’ ಎಂದಷ್ಟೇ ಇರುತ್ತದೆ. ಕೊನೆಯ ಚೀಲ ಎಲ್ಲಕ್ಕಿಂತ ದೊಡ್ಡದು. ಅದರ ಮೇಲೆ ‘ಇತರೆ’ ಎಂದು ಬರೆದಿರುತ್ತದೆ.

ಯಜಮಾನನ ಪುರಾಣದಲ್ಲಿ ಖಳನಾಯಕನೊಬ್ಬನಿದ್ದಾನೆ. ಅವನ ಹೆಸರು ‘ಹಿಂದಿನ ಮಾಲೀಕ’. ಕಾರಿನಲ್ಲಿ ಕೆಟ್ಟದ್ದೆಲ್ಲ ಅವನ ಕೈವಾಡ. ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ ಹರಿದು ಅದು ಕಾದು ಕರಗುವುದು ಈ ಮಾದರಿಗೆ ಹುಟ್ಟಿನಿಂದ ಬಂದ ದೋಷ. ರಿಲೇ ಹಾಕಿದರೆ ತೀರುತ್ತದೆ. ಹಿಂದಿನ ಮಾಲೀಕ ಮಾತ್ರ ಗೋಡೆಗೆ ಹಾಕುವ ಸ್ವಿಚ್ಚೊಂದನ್ನು ಡ್ಯಾಶಿನ ಕೆಳಗೆ ತಿರುಪಿ, ಐದು ಬಣ್ಣದ ವೈರುಗಳನ್ನು ಒಂದೇ ಟೇಪಿನಲ್ಲಿ ಸುತ್ತಿರುತ್ತಾನೆ. ಟೇಪು ಬಿಚ್ಚುವಾಗ ಯಜಮಾನ ಅವನ ವಂಶವನ್ನೆಲ್ಲ ಸ್ಮರಿಸುತ್ತಾನೆ. ತಾನು ಹಾಕಿದ ಟೇಪು ‘ತಾತ್ಕಾಲಿಕ’.

ಇಂಜಿನ್ ಹತ್ತಿದ ದಿನದಿಂದ ಕಾರ್ಬ್ಯುರೇಟರ್ ಸೇವೆ ಆರಂಭ. ಎಸ್‌ಯು ವಿನ್ಯಾಸದಲ್ಲಿ ಹಿಟಾಚಿ ತಯಾರಿಸಿದ ಎರಡು ಕಾರ್ಬ್ಯುರೇಟರುಗಳು ಸಮಸಮ ಗಾಳಿ ಎಳೆಯಬೇಕು. ಇದಕ್ಕೆ ಮೀಟರ್ ಸಿಗುತ್ತದಾದರೂ ಸಂಪ್ರದಾಯಸ್ಥರು ರಬ್ಬರ್ ಪೈಪಿನ ಒಂದು ತುದಿಯನ್ನು ಕಾರ್ಬ್ಯುರೇಟರಿನ ಬಾಯಿಗೂ ಇನ್ನೊಂದನ್ನು ಕಿವಿಗೂ ಹಿಡಿದು ಎರಡರ ಬುಸುಗುಟ್ಟುವಿಕೆಯನ್ನೂ ಹೋಲಿಸುತ್ತಾರೆ. ಭಾನುವಾರ ಬೆಳಿಗ್ಗೆ ಒಬ್ಬ ಪ್ರಾಯದ ಗಂಡಸು ಕಿವಿಗೆ ಪೈಪಿಟ್ಟು ಕಣ್ಣು ಮುಚ್ಚಿ ಕಾರಿನ ಮೇಲೆ ಬಾಗಿರುವುದನ್ನು ಕಂಡ ಪಕ್ಕದ ಮನೆಯವರು ಮಕ್ಕಳನ್ನು ಒಳಗೆ ಕರೆಯುತ್ತಾರೆ. ಮೊದಲ ಸವಾರಿಯಲ್ಲಿ ಹಿಂಬಾಗಿಲಿನ ರಬ್ಬರ್ ಸಂದಿಯಿಂದ ಹೊಗೆಯ ವಾಸನೆ ಒಳಗೆ ಬರುತ್ತದೆ. ಅದೂ ಈ ಮಾದರಿಯ ಹುಟ್ಟುಗುಣ. ಯಜಮಾನ ಹೋದಲ್ಲೆಲ್ಲ ಅವನಿಗಿಂತ ಮುಂಚೆ ಪೆಟ್ರೋಲ್ ವಾಸನೆ ಹೋಗಿರುತ್ತದೆ.

ಸಿದ್ಧಾಂತದಲ್ಲಿ ಯಜಮಾನರು ಎರಡು ಮತದವರು. ಮೂಲವಾದಿಗೆ ಕಾರ್ಖಾನೆ ಕೊಟ್ಟದ್ದೇ ವೇದ. ಹಿಂಬಾಗಿಲಿನ ಮೇಲೆ ಗಾಳಿಕಿಂಡಿಗಳಿದ್ದರೆ ಅದು ಆರಂಭದ ಕಾರು ಎಂದು ದೂರದಿಂದಲೇ ಹೇಳುತ್ತಾನೆ. ಪೈಪಿನ ಕ್ಲಿಪ್ಪು ಬೇರೆ ಕಂಪನಿಯದಾದರೆ ಅವನಿಗೆ ಊಟ ಸೇರದು. ಮಾರ್ಪಾಟುವಾದಿಗೆ ಕಾರ್ಖಾನೆ ಕೊಟ್ಟದ್ದು ಬರೀ ಪೀಠಿಕೆ. ಅವನು 280ಜೆಡ್‌ನ 2.8 ಲೀಟರ್ ಇಂಜಿನ್ನಿಗೆ ಮೂರು ವೆಬರ್ ಕಾರ್ಬ್ಯುರೇಟರ್ ಏರಿಸುತ್ತಾನೆ. ಧೈರ್ಯ ಹೆಚ್ಚಿದರೆ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26 ಇಂಜಿನ್ನನ್ನೋ ಷೆವರ್ಲೆಯ ವಿ8 ಇಂಜಿನ್ನನ್ನೋ ಕೂರಿಸುತ್ತಾನೆ. ಎಂಟು ಕಡ್ಡಿಯ ವತನಾಬೆ ಚಕ್ರ ಹಾಕಿ, 240ಜೆಡ್‌ಜಿ ಮಾದರಿಯ ಅಗಲ ಕಮಾನು ಜೋಡಿಸಲು ಮೂಲ ತಗಡನ್ನೇ ಕತ್ತರಿಸುತ್ತಾನೆ. ಆ ಕತ್ತರಿಸುವ ಸದ್ದಿಗೆ ಮೂಲವಾದಿಯ ಕಣ್ಣಲ್ಲಿ ನೀರು ಬರುತ್ತದೆ. ಇಬ್ಬರೂ ಸೇರಿ ತಿರಸ್ಕರಿಸುವ ಮೂರನೆಯವನೊಬ್ಬನಿದ್ದಾನೆ: ಮುಗಿದ ಕಾರನ್ನು ದುಡ್ಡು ಕೊಟ್ಟು ತಂದವನು.

ಹಣಕಾಸಿನಲ್ಲಿ ಯಜಮಾನ ಶಿಸ್ತುಗಾರ. ಪ್ರತಿ ರಸೀದಿಯನ್ನೂ ಕಡತದಲ್ಲಿ ಇಡುತ್ತಾನೆ, ಎಂದೂ ಕೂಡುವುದಿಲ್ಲ. ಮನೆಯಲ್ಲಿ ಮಾತು ಬಂದಾಗ 2020ರ ಜನವರಿಯ ಹರಾಜೊಂದನ್ನು ಎತ್ತುತ್ತಾನೆ: 1971ರ ಒಂದು 240ಜೆಡ್ 3,10,000 ಡಾಲರಿಗೆ ಹೋಯಿತು. ಆ ಕಾರು ಇಪ್ಪತ್ತೆರಡು ಸಾವಿರ ಮೈಲಿಯನ್ನೂ ಓಡಿರಲಿಲ್ಲ, ಅದರ ನೆಲ ನೆಲದಂತೆಯೇ ಇತ್ತು ಎಂಬ ವಿವರಗಳನ್ನು ಹೇಳಲು ಸಮಯ ಸಾಲುವುದಿಲ್ಲ. ಹೆಂಡತಿಗೆ ಎಲ್ಲವೂ ಗೊತ್ತು. ಆಫೀಸಿನಲ್ಲಿ ಮ್ಯಾನೇಜರಿನ ಮಾತು, ಮನೆಯಲ್ಲಿ ಬ್ಯಾಂಕಿನ ಕಂತಿನ ಮಾತು ನಡೆಯುವುದರಿಂದ, ಗಂಡ ಯಜಮಾನನಾಗಿರುವ ಜಾಗ ಪ್ರಪಂಚದಲ್ಲಿ ಈ ಹದಿನಾಲ್ಕು ಅಡಿ ಮಾತ್ರ ಎಂಬುದೂ ಗೊತ್ತು. ಅಲ್ಲಿಯೂ ಅವನ ಮಾತು ನಡೆಯುವುದಿಲ್ಲವೆಂಬುದನ್ನು ಆಕೆ ಬಾಯಿಬಿಟ್ಟು ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಕನ್ನಡಿಗರಲ್ಲೂ ಈ ಪಂಗಡದ ಕವಲೊಂದಿದೆ. ಇವನಿಗಿರುವ ವಿಶೇಷ ತೊಡಕು ಊರಿನ ಫೋನು. ಭಾರತದಲ್ಲಿ ಡ್ಯಾಟ್ಸನ್ ಎಂದರೆ 2014ರಲ್ಲಿ ಬಂದು 2022ರಲ್ಲಿ ನಿಂತುಹೋದ ಪುಟ್ಟ ಕಾರಿನ ಹೆಸರು. “ಡ್ಯಾಟ್ಸನ್ ಅಂದ್ರೆ ಆ ಗೋ ಕಾರ್ ತಾನೇ? ಮೂರು ಚಿಲ್ರೆ ಲಕ್ಷಕ್ಕೆ ಇಲ್ಲೇ ಹೊಸದು ಸಿಗ್ತಿತ್ತಲ್ಲೋ” ಎಂದು ಸೋದರಮಾವ ಮರುಗುತ್ತಾರೆ. “ಕೆಲ್ಸಕ್ಕೇನೂ ತೊಂದ್ರೆ ಇಲ್ಲ ತಾನೇ ಮಗಾ? ದುಡ್ಡು ಬೇಕಿದ್ರೆ ಹೇಳು” ಎಂದು ಅಮ್ಮ ದನಿ ತಗ್ಗಿಸುತ್ತಾರೆ. 1973ರ ಪೂರ್ವ ಆಫ್ರಿಕಾ ಸಫಾರಿ ರ‍್ಯಾಲಿಯನ್ನು ಭಾರತೀಯ ಮೂಲದ ಶೇಖರ್ ಮೆಹ್ತಾ ಗೆದ್ದದ್ದು ಇದೇ ಕಾರಿನಲ್ಲಿ ಎಂದು ಅವನು ವಿವರಿಸಿದರೆ, “ಅಷ್ಟು ಓಡಿದ್ದು ನಿನ್ನತ್ರ ಬಂದು ಯಾಕಪ್ಪ ನಿಂತೋಯ್ತು?” ಎಂಬ ಪ್ರಶ್ನೆ ಬರುತ್ತದೆ. ಆಯುಧಪೂಜೆಯ ದಿನ ಕಾರಿಗೆ ಕುಂಕುಮ, ಹೂವು ಎಲ್ಲ ಆಗುತ್ತದೆ. ನಿಂಬೆಹಣ್ಣು ಇಡಲು ಮಾತ್ರ ಚಕ್ರವಿಲ್ಲ. ನಾಲ್ಕು ಜಾಕ್ ಸ್ಟ್ಯಾಂಡುಗಳ ಬುಡದಲ್ಲಿ ನಾಲ್ಕು ನಿಂಬೆಹಣ್ಣಿಟ್ಟು, ಅವು ಒಣಗುವವರೆಗೂ ಹಾಗೇ ಬಿಡಲಾಗುತ್ತದೆ.

ಕೆಲಸ ಮುಗಿದ ಕಾರಿಗೆ ಎರಡು ಗತಿಗಳುಂಟು. ಒಂದು, ಗೀರು ಬಿದ್ದೀತೆಂದು ಓಡಿಸದೆ ಇಡುವುದು; ಆಗ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲೇ ಗಟ್ಟಿಯಾಗಿ ಸೇವೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ನೊಂದು ಮಾರಾಟ. ಕೊಳ್ಳಲು ಬರುವವನು ಇದೇ ಕುಲದವನು, ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬಂದಿರುತ್ತಾನೆ. ಹಣ ಕೊಟ್ಟು, ಕಾರು ಒಯ್ದು, ಮುಂದಿನ ಭಾನುವಾರ ಡ್ಯಾಶಿನ ಕೆಳಗೆ ತಲೆ ತೂರಿಸಿ ‘ತಾತ್ಕಾಲಿಕ’ ಟೇಪನ್ನು ಬಿಚ್ಚತೊಡಗುತ್ತಾನೆ. ಆ ಗಳಿಗೆಯಿಂದ ಯಜಮಾನನ ಹೆಸರು ಹಿಂದಿನ ಮಾಲೀಕ.